ಸಂಪಾಜೆ ಇಳಿತದಲ್ಲಿ ಹಿಡಿಯದ ಬ್ರೇಕ್: ಆನ್‌ಲೈನ್‌ನಲ್ಲಿ ತರಿಸಿದ ಆರು ಸ್ಪೇರ್‌ಗಳ ಪ್ರಕರಣ

ಮಡಿಕೇರಿಯಲ್ಲಿ ಬೈಕ್ ರಿಪೇರಿ ನನ್ನ ಕೆಲಸ. ಸ್ಪೇರ್ ಮಾರುವುದಿಲ್ಲ, ಕೂಲಿ ಮಾತ್ರ ತೆಗೆದುಕೊಳ್ಳುತ್ತೇನೆ. ಹಾಗಾಗಿ ಜನ ಎಲ್ಲೆಲ್ಲಿಂದಲೋ ತಂದ ಸಾಮಾನೆಲ್ಲ ನನ್ನ ಕೈಗೆ ಬರುತ್ತದೆ. ಶೋರೂಮಿನದು, ಅಂಗಡಿಯದು, ಈಗೀಗ ಜಾಸ್ತಿ ಆನ್‌ಲೈನ್‌ನಲ್ಲಿ ತರಿಸಿದ್ದು. "ಅಣ್ಣಾ, ಇದು ಹಾಕಬಹುದಾ?" ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಕೆಲವು ಹಾಕಬಹುದು, ಕೆಲವನ್ನು ಮುಟ್ಟಲೇಬಾರದು. ಅದನ್ನು ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಒಂದೇ ಬೈಕಿಗೆ ಒಟ್ಟಿಗೆ ಬಂದ ಆರು ಹೆಸರಿಲ್ಲದ ಸಾಮಾನು ಒಂದು ಮಳೆಗಾಲದಲ್ಲಿ ಏನೇನಾದವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ನೀವೇ ನೋಡಿ.

ಬೈಕ್ 150 ಸಿಸಿಯದು. ಮುಂದೆ ಡಿಸ್ಕ್, ಹಿಂದೆ ಡ್ರಮ್. 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ಇದು ಅದಕ್ಕೂ ಹಿಂದಿನದು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮಾಲೀಕರು ಮೂರ್ನಾಡು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ, ಹಾಜರಿ ಬರೆಯುವವರು. ಹೆಸರು ಬೇಡ, ರೈಟರ್ ಅಂತಲೇ ಕರೆಯುತ್ತೇನೆ. ಅವರ ಹೆಂಡತಿಯ ತವರು ಅರಂತೋಡು. ಅಲ್ಲಿ ಅತ್ತೆಗೆ ಹುಷಾರಿಲ್ಲದ್ದರಿಂದ ಆ ವರ್ಷ ಗಂಡ ಹೆಂಡತಿ ಮಡಿಕೇರಿ ದಾಟಿ ಸಂಪಾಜೆ ಘಾಟ್ ಇಳಿದು ಪದೇಪದೇ ಹೋಗಿ ಬರುತ್ತಿದ್ದರು.

ಮಳೆಗಾಲಕ್ಕೆ ಮೊದಲು ಬೈಕ್ ಸರಿ ಮಾಡಿಸಬೇಕಿತ್ತು. ಮುಂದಿನ ಬ್ರೇಕ್ ಪ್ಯಾಡ್ (ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) ಸವೆದಿತ್ತು, ಚೈನ್ ಸದ್ದು ಮಾಡುತ್ತಿತ್ತು. ರೈಟರ್ ಮೊದಲು ಹೋದದ್ದು ಅಂಗಡಿಗೇ. ಆ ಮಾಡೆಲ್ ಹಳೆಯದಾಯಿತು, ಸ್ಟಾಕ್ ಇಲ್ಲ, ಮೈಸೂರಿನಿಂದ ತರಿಸಬೇಕು, ವಾರ ಆಗಬಹುದು ಅಂದರು. ಇನ್ನೊಂದು ಅಂಗಡಿಯಲ್ಲಿ ಚೈನ್ ಸೆಟ್ ಇತ್ತು, ಪ್ಯಾಡ್ ಇರಲಿಲ್ಲ. ಅಂಗಡಿಗೆ ಅಂತ ಪೇಟೆಗೆ ಬಂದರೆ ಅರ್ಧ ದಿನದ ಕೆಲಸ ಹೋಗುತ್ತದೆ. ಕೊನೆಗೆ ಅವರ ಅಣ್ಣನ ಮಗ ಮೊಬೈಲ್‌ನಲ್ಲಿ ಹುಡುಕಿ ಎಲ್ಲವನ್ನೂ ಒಂದೇ ಸಲ ಆರ್ಡರ್ ಮಾಡಿದ. ಮುಂದಿನ ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್ ಸೆಟ್, ಕ್ಲಚ್ ಕೇಬಲ್, ಏರ್ ಫಿಲ್ಟರ್, ಜೊತೆ ಕನ್ನಡಿ, ಮತ್ತೊಂದು ಎಲ್‌ಇಡಿ ಹೆಡ್‌ಲೈಟ್ ಬಲ್ಬ್. ಯಾವುದರ ಮೇಲೂ ತಯಾರಕರ ಹೆಸರಿಲ್ಲ. ಪ್ಯಾಡ್ ಒರಿಜಿನಲ್ ಬೆಲೆಯ ಅರ್ಧಕ್ಕಿಂತ ಕಮ್ಮಿ, ಚೈನ್ ಸೆಟ್ ಕೂಡ ಹತ್ತಿರ ಹತ್ತಿರ ಅರ್ಧ. ಮನೆ ಬಾಗಿಲಿಗೇ ಬಂತು. ಹುಡುಗ ಮನೆಯಲ್ಲೇ ಫಿಟ್ ಮಾಡಿದ.

ಇದರಲ್ಲಿ ರೈಟರನ್ನು ಬೈಯಲು ನನಗೆ ಮನಸ್ಸಿಲ್ಲ. "ಒರಿಜಿನಲ್ ತಗೊಳ್ಳಿ" ಅನ್ನುವುದು ಸುಲಭ. ಆದರೆ ಕೊಡಗಿನಲ್ಲಿ ಹಳೇ ಬೈಕಿಗೆ ಒರಿಜಿನಲ್ ಬೇಕೆಂದ ದಿನ ಸಿಗುವುದಿಲ್ಲ. ಬೈಕ್ ಇಲ್ಲದೆ ತೋಟದ ಕೆಲಸ ನಡೆಯುವುದಿಲ್ಲ. ದುಡ್ಡು ಉಳಿಸುವ ಆಸೆಗಿಂತ ಈ ಅಡಚಣೆಯೇ ಜನರನ್ನು ಆನ್‌ಲೈನ್ ಕಡೆ ತಳ್ಳುತ್ತದೆ. ಬುದ್ಧಿ ಹೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಗಸ್ಟ್‌ನಲ್ಲಿ ನಡೆದದ್ದು

ಒಂದು ಭಾನುವಾರ, ಮಳೆ ಬಿಟ್ಟು ಬಿಟ್ಟು ಬರುತ್ತಿದ್ದಾಗ, ಗಂಡ ಹೆಂಡತಿ ಒಂದು ಚೀಲ ಬೆಣ್ಣೆಹಣ್ಣು ಕಟ್ಟಿಕೊಂಡು ಅರಂತೋಡಿಗೆ ಹೊರಟರು. ತಾಳತ್ತಮನೆ, ಕಾಟಕೇರಿ ದಾಟುವವರೆಗೆ ಎಲ್ಲ ಸರಿ ಇತ್ತು. ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ ಸುಟ್ಟ ವಾಸನೆ ಬಂತು. ಎದುರಿನ ಲಾರಿಯದೇ ಇರಬೇಕು ಅಂದುಕೊಂಡರು. ಮುಂದಿನ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರು. ಲಿವರ್ ಗಟ್ಟಿಯಾಗಿಯೇ ಇತ್ತು, ಬೈಕ್ ಮಾತ್ರ ನಿಧಾನ ಆಗಲಿಲ್ಲ. ಇನ್ನೂ ಬಿಗಿ ಹಿಡಿದರೂ ಅಷ್ಟೇ. ಹಿಂದಿನ ಬ್ರೇಕ್ ತುಳಿದು, ಗೇರ್ ಎರಡಕ್ಕೆ ಇಳಿಸಿ, ಬರೆಯ (ರಸ್ತೆ ಪಕ್ಕದ ಗುಡ್ಡದ) ಬದಿಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದರು. ಹೆಂಡತಿಯ ಮೊಣಕೈ ತರಚಿತು, ಅಷ್ಟೇ. ಆಚೆ ಬದಿಗೆ ಹೋಗಿದ್ದರೆ ಪ್ರಪಾತ. 2018ರ ಆಗಸ್ಟ್‌ನಲ್ಲಿ ಬರೆ ಕುಸಿದು ರಸ್ತೆಯೇ ಕೊಚ್ಚಿಹೋದ ಜಾಗ ಅದು, ಅಲ್ಲಿನ ತಿರುವುಗಳು ಹೇಗಿವೆ ಅಂತ ಓಡಾಡುವವರಿಗೆ ಗೊತ್ತು.

ಮಾರನೇ ದಿನ ಬೈಕ್ ಪಿಕಪ್‌ನಲ್ಲಿ ನನ್ನ ಹತ್ತಿರ ಬಂತು.

ನಾನು ಮೊದಲು ಕೇಳಿದ್ದು ಇದನ್ನೇ: "ರೈಟರೇ, ಬ್ರೇಕ್ ಹಿಡಿದಾಗ ಲಿವರ್ ಗಟ್ಟಿ ಇತ್ತಾ, ಇಲ್ಲ ಹ್ಯಾಂಡಲ್ ತನಕ ಒಳಗೆ ಹೋಯ್ತಾ?" ಈ ಪ್ರಶ್ನೆ ಬಹಳ ಮುಖ್ಯ. ಲಿವರ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದೆ ಅಂತ ಅರ್ಥ. ಲಿವರ್ ಗಟ್ಟಿಯಾಗಿದ್ದೂ ಬೈಕ್ ನಿಲ್ಲದಿದ್ದರೆ ಒತ್ತಡ ಪ್ಯಾಡಿನವರೆಗೆ ಸರಿಯಾಗಿ ಬರುತ್ತಿದೆ, ಪ್ಯಾಡೇ ಡಿಸ್ಕನ್ನು ಕಚ್ಚುತ್ತಿಲ್ಲ. ನಾನು ಎರಡು ಮೂರು ಸಲ ಕೇಳಿದರೂ ಅವರು "ಗಟ್ಟಿನೇ ಇತ್ತು" ಅಂದರು.

ಬಿಚ್ಚುವ ಮೊದಲು ಗ್ಯಾರೇಜಿನ ಎದುರಿನ ಸಮತಟ್ಟು ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿದೆ. ಆಶ್ಚರ್ಯ ಅಂದರೆ ಬ್ರೇಕ್ ಹಿಡಿಯಿತು. ತಣ್ಣಗಿದ್ದಾಗ ಅದು ಸಾಧಾರಣ ಬ್ರೇಕ್‌ನ ಹಾಗೇ ಕೆಲಸ ಮಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ "ನಿಮ್ಮ ಭ್ರಮೆ, ಬ್ರೇಕ್ ಸರಿ ಇದೆ" ಅಂತ ಕಳಿಸಿಬಿಡುತ್ತಿದ್ದರೇನೋ.

ಬಿಚ್ಚಿದಾಗ ಕಂಡದ್ದು

ಡಿಸ್ಕ್ ಪ್ಲೇಟ್ ಅಲ್ಲಲ್ಲಿ ನೀಲಿ ಬಣ್ಣಕ್ಕೆ ತಿರುಗಿತ್ತು, ಅಂದರೆ ಸಿಕ್ಕಾಪಟ್ಟೆ ಕಾದಿದೆ. ಪ್ಯಾಡಿನ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. ಒಂದು ಪ್ಯಾಡಿನಲ್ಲಿ ಉಜ್ಜುವ ಪದಾರ್ಥ ಹಿಂದಿನ ಕಬ್ಬಿಣದ ತಗಡಿನಿಂದ ಒಂದು ಮೂಲೆಯಲ್ಲಿ ಎದ್ದಿತ್ತು. ಸಂದಿನಲ್ಲಿ ತೆಳುವಾದ ಬ್ಲೇಡ್ ಹೋಗುವಷ್ಟು ಜಾಗ, ಒಳಗೆ ತುಕ್ಕು. ತಗಡಿಗೆ ಪದಾರ್ಥ ಅಂಟಿಸುವ ಮೊದಲು ಅದನ್ನು ಉಜ್ಜಿ ಸ್ವಚ್ಛ ಮಾಡಿ ಒರಟು ಮಾಡಬೇಕು. ಇಲ್ಲಿ ಅದು ಸರಿಯಾಗಿ ಆಗಿಲ್ಲ ಅನ್ನಿಸಿತು. ಅಂಟಿದ ಜಾಗದಲ್ಲೇ ತುಕ್ಕು ಶುರುವಾದರೆ ಇನ್ನೇನು ಉಳಿಯುತ್ತದೆ? ನಮ್ಮ ಮಳೆ ಅದಕ್ಕೆ ಸಹಾಯವನ್ನೇ ಮಾಡುತ್ತದೆ. ವರ್ನಿಯರ್‌ನಲ್ಲಿ ಅಳೆದೆ. ತಗಡು ಹಳೇ ಒರಿಜಿನಲ್ ಪ್ಯಾಡಿನ ತಗಡಿಗಿಂತ ತೆಳುವಾಗಿತ್ತು. ಪಿನ್ ಹೋಗುವ ತೂತು ದೊಡ್ಡದಾಗಿ ಪ್ಯಾಡ್ ಅಲ್ಲಾಡುತ್ತಿತ್ತು, ಅದಕ್ಕೇ ಒಂದು ಕಡೆ ಜಾಸ್ತಿ ಸವೆದಿತ್ತು.

ಇಷ್ಟು ನೋಡಿದ ಮೇಲೂ ಎಲ್ಲ ತಪ್ಪನ್ನೂ ಪ್ಯಾಡಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಬ್ರೇಕ್ ಆಯಿಲ್ ಕಪ್ಪಾಗಿತ್ತು, ಬದಲಿಸಿ ವರ್ಷಗಳೇ ಆಗಿದ್ದವು. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ತೇವ ಹೀರಿದ ಮೇಲೆ ಅದು 140 ಡಿಗ್ರಿಯವರೆಗೂ ಇಳಿಯಬಹುದು. ಡಾಟ್ 4 ಆದರೆ 230, ತೇವ ಹೀರಿದ ಮೇಲೆ 155. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಲೇಬೇಕು. ಇನ್ನೊಂದು ವಿಷಯ ರೈಟರೇ ಹೇಳಿದರು. ಪೆಟ್ರೋಲ್ ಉಳಿಯಲಿ ಅಂತ ಇಳಿತದಲ್ಲಿ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವುದು ಅವರ ರೂಢಿ. ಇಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಆಗ ಎಂಜಿನ್ ಹಿಡಿತ ಸೊನ್ನೆ, ಎಲ್ಲ ಭಾರ ಬ್ರೇಕಿನ ಮೇಲೆ.

ಆ ಭಾರ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 25 ಕಿ.ಮೀ., ಇಳಿತ ಸಾವಿರ ಮೀಟರಿಗೆ ಹತ್ತಿರ. ಬೈಕ್, ಇಬ್ಬರು, ಚೀಲ ಎಲ್ಲ ಸೇರಿ 300 ಕೆ.ಜಿ. ಅಂತ ಇಟ್ಟುಕೊಳ್ಳಿ. ಅಷ್ಟು ತೂಕ ಸಾವಿರ ಮೀಟರ್ ಕೆಳಗೆ ಬಂದಾಗ ಹೊರಬರುವ ಶಕ್ತಿಯಲ್ಲಿ ಎಂಟು ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಇದರಲ್ಲಿ ಒಂದು ಪಾಲನ್ನು ಎದುರುಗಾಳಿ ತಿನ್ನುತ್ತದೆ, ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಉಳಿದದ್ದೆಲ್ಲ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಯಾಡ್‌ಗಳಿಗೂ ಒಂದು ತೆಳು ಡಿಸ್ಕಿಗೂ, ಹಿಂದಿನ ಡ್ರಮ್ಮಿಗೂ ಹೋಗಬೇಕು. ಮೈಸೂರಿನ ರಿಂಗ್ ರೋಡಿನಲ್ಲಿ ಓಡುವ ಬೈಕಿಗೆ ಇಂಥ ಪರೀಕ್ಷೆ ಎಂದೂ ಬರುವುದಿಲ್ಲ.

ಹಾಗಾದರೆ ತಪ್ಪು ರೂಢಿಯದಾ, ಪ್ಯಾಡಿನದಾ? ನನ್ನ ಅಭಿಪ್ರಾಯ ಹೀಗೆ. ಅದೇ ರೂಢಿ, ಅದೇ ಹಳೇ ಆಯಿಲ್ ಇಟ್ಟುಕೊಂಡು ಅವರು ಒರಿಜಿನಲ್ ಪ್ಯಾಡ್‌ನಲ್ಲಿ ವರ್ಷಗಟ್ಟಲೆ ಇದೇ ರಸ್ತೆ ಇಳಿದಿದ್ದಾರೆ. ಲಿವರ್ ಗಟ್ಟಿ ಇದ್ದದ್ದರಿಂದ ಆಯಿಲ್ ಕುದಿದಿಲ್ಲ. ಬದಲಾದದ್ದು ಪ್ಯಾಡ್ ಒಂದೇ. ರೂಢಿ ಶಾಖ ಹೆಚ್ಚಿಸಿತು, ಆ ಶಾಖ ತಡೆಯುವುದು ಪ್ಯಾಡಿನ ಕೆಲಸವಾಗಿತ್ತು, ಅದು ಆ ಕೆಲಸ ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಸಾಮಾನ್ಯ ಪ್ಯಾಡ್‌ನಲ್ಲಿ ನಾರು, ಲೋಹದ ಪುಡಿ ಎಲ್ಲವನ್ನೂ ಒಂದು ರಾಳದಿಂದ ಹಿಡಿದಿಟ್ಟಿರುತ್ತಾರೆ. ಅತಿಯಾಗಿ ಕಾದರೆ ರಾಳದಿಂದ ಅನಿಲ ಹೊರಬಂದು ಪ್ಯಾಡ್ ಮತ್ತು ಡಿಸ್ಕ್ ನಡುವೆ ಪದರವಾಗಿ ನಿಲ್ಲುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ಒಳ್ಳೆ ತಯಾರಕರು ಪ್ಯಾಡನ್ನು ಕಾರ್ಖಾನೆಯಲ್ಲೇ ಗಂಟೆಗಟ್ಟಲೆ ಶಾಖದಲ್ಲಿಟ್ಟು ಈ ಅನಿಲವನ್ನು ಆದಷ್ಟು ಮೊದಲೇ ಹೊರಹಾಕಿರುತ್ತಾರೆ. ಅದಕ್ಕೆ ಸಮಯ ಬೇಕು, ವಿದ್ಯುತ್ ಬೇಕು, ಒಳ್ಳೆ ರಾಳ ಬೇಕು. ಬೆಲೆ ಅರ್ಧಕ್ಕೆ ಇಳಿಸಬೇಕಾದರೆ ಎಲ್ಲಿ ಕತ್ತರಿ ಹಾಕುತ್ತಾರೆ? ಕಣ್ಣಿಗೆ ಕಾಣದ ಕಡೆ ಅಲ್ವಾ? ಪ್ಯಾಡಿನ ಬಣ್ಣ, ಆಕಾರ, ಪ್ಯಾಕಿಂಗ್‌ನಲ್ಲಿ ಯಾರೂ ಕಮ್ಮಿ ಮಾಡುವುದಿಲ್ಲ.

ಕೆಲವರು ಪ್ಯಾಡಿಗೆ ಲೈಟರ್ ಹಿಡಿದು ಹೊಗೆ ಬಂದರೆ ಡೂಪ್ಲಿಕೇಟ್ ಅನ್ನುತ್ತಾರೆ. ಅದನ್ನು ನಂಬಬೇಡಿ. ರಾಳ ಇರುವ ಪ್ಯಾಡ್ ಯಾವುದಾದರೂ ಬೆಂಕಿ ಹಿಡಿದರೆ ಹೊಗೆ ಬಿಡುತ್ತದೆ, ಒಳ್ಳೆಯದೂ ಬಿಡುತ್ತದೆ. ಕೆಲವು ಪ್ಯಾಡ್‌ಗಳ ಹಿಂದೆ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತವೆ. ಮೊದಲಿನದು ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು, ಎರಡನೆಯದು ಜಾಸ್ತಿ ಕಾದಾಗ ಎಷ್ಟು ಅಂತ ಹೇಳುತ್ತದೆ. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ನಮ್ಮ ಘಾಟ್ ರಸ್ತೆಗೆ ಎರಡನೇ ಅಕ್ಷರವೇ ಮುಖ್ಯ. ಆದರೆ ಅಕ್ಷರ ಅಚ್ಚು ಹಾಕುವುದು ಯಾರಿಗೂ ಕಷ್ಟ ಅಲ್ಲ, ಅದರ ಹಿಂದೆ ಒಂದು ಹೆಸರು ಇದ್ದರೆ ಮಾತ್ರ ಅದಕ್ಕೆ ಬೆಲೆ.

ಉಳಿದ ಐದರ ಕಥೆ

ಕನ್ನಡಿ ಚೆನ್ನಾಗಿಯೇ ಇವೆ. ಸ್ವಲ್ಪ ನಡುಗುತ್ತವೆ, ಅಷ್ಟೇ. ಅವನ್ನು ತೆಗೆಯಲಿಲ್ಲ.

ಬಲ್ಬ್ ತೆಗೆಸಿದೆ. ಹ್ಯಾಲೊಜೆನ್‌ಗೆ ಮಾಡಿದ ಹೆಡ್‌ಲೈಟ್ ಬೋಗುಣಿಗೆ ಎಲ್‌ಇಡಿ ಹಾಕಿದರೆ ಬೆಳಕು ಸರಿಯಾದ ಜಾಗದಿಂದ ಹೊರಡುವುದಿಲ್ಲ, ಎದುರಿನವರ ಕಣ್ಣಿಗೆ ಚದುರುತ್ತದೆ. ಮಂಜಿನಲ್ಲಂತೂ ಮುಂದೆ ಬಿಳಿ ಗೋಡೆ ನಿಂತ ಹಾಗೆ ಕಾಣುತ್ತದೆ ಅಂತ ರೈಟರೇ ದೂರಿದ್ದರು.

ಕ್ಲಚ್ ಕೇಬಲ್ ಲಿವರ್ ಕಡೆಯ ಗುಂಡಿನ ಹತ್ತಿರ ಎಳೆ ಎಳೆಯಾಗಿ ಬಿಡಲು ಶುರುವಾಗಿತ್ತು. ಕ್ಲಚ್ ಕೇಬಲ್ ತುಂಡಾದರೆ ಪ್ರಾಣ ಹೋಗುವುದಿಲ್ಲ, ದಾರಿಯಲ್ಲಿ ನಿಲ್ಲುತ್ತೀರಿ. ಅದು ಸಹಿಸಬಹುದಾದ ನಷ್ಟ. ಆಕ್ಸಿಲರೇಟರ್ ಕೇಬಲ್‌ಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅದು ಒಳಗೆ ಸಿಕ್ಕಿಕೊಂಡರೆ ಎಂಜಿನ್ ರೇಸ್ ಆಗಿಯೇ ಇರುತ್ತದೆ.

ಏರ್ ಫಿಲ್ಟರ್ ನೋಡಿದಾಗ ನನಗೆ ಹೊಟ್ಟೆ ಉರಿಯಿತು. ಅಂಚಿನ ರಬ್ಬರ್ ಸರಿಯಾಗಿ ಕೂತಿರಲಿಲ್ಲ, ಫಿಲ್ಟರ್ ದಾಟಿದ ಒಳಬದಿಯಲ್ಲಿ ಕೆಂಪು ಧೂಳು ಕೂತಿತ್ತು. ಮಳೆಗಾಲಕ್ಕೆ ಮೊದಲಿನ ಕೆಲವೇ ವಾರ ತೋಟದ ರಸ್ತೆಯಲ್ಲಿ ಓಡಿದ್ದಕ್ಕೇ ಇಷ್ಟು. ಆ ಧೂಳು ಪಿಸ್ಟನ್ ರಿಂಗನ್ನು ಸವೆಸುತ್ತದೆ. ಇದರ ನಷ್ಟ ಇವತ್ತು ಕಾಣುವುದಿಲ್ಲ, ಎಂಜಿನ್ ಆಯಿಲ್ ಕುಡಿಯಲು ಶುರು ಮಾಡಿದ ಮೇಲೆ ಗೊತ್ತಾಗುತ್ತದೆ. ಆಗ ಯಾರೂ ಒಂದು ಚಿಕ್ಕ ಫಿಲ್ಟರ್ ಮೇಲೆ ಅನುಮಾನ ಪಡುವುದಿಲ್ಲ.

ಚೈನ್ ಅಳೆದೆ. ಅದು 428 ಅಳತೆಯ ಚೈನ್, ಒಂದು ಕೊಂಡಿ 12.7 ಮಿ.ಮೀ. ಎಳೆದು ಹಿಡಿದಾಗ 20 ಕೊಂಡಿ 254 ಮಿ.ಮೀ. ಇರಬೇಕು, 259 ಮುಟ್ಟಿದರೆ ಬದಲಿಸಬೇಕು. ಇದು ಒಂದೇ ಮಳೆಗಾಲಕ್ಕೆ 257 ದಾಟಿತ್ತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಗ್ಗ ಅಂತ ತಂದದ್ದನ್ನು ಒಳ್ಳೆ ಚೈನಿನ ಅರ್ಧ ಆಯಸ್ಸಿಗೂ ಮೊದಲೇ ಬಿಸಾಡಬೇಕಾದರೆ ಉಳಿತಾಯ ಎಲ್ಲಿ? ಚೈನ್ ತುಂಡಾಗಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಆಗುವುದು ಬೇರೆಯೇ ಕಥೆ.

ಏನು ಹಾಕಿದೆವು, ಹೇಗೆ ಓಡಿಸಿ ನೋಡಿದೆ

ಶೋರೂಮಿನ ಪ್ಯಾಡ್‌ಗೆ ಕಾಯಲಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಬೈಕ್ ಕಂಪನಿಗಳು ಬ್ರೇಕ್ ಪ್ಯಾಡ್, ಚೈನ್, ಬೇರಿಂಗ್, ಪ್ಲಗ್ ಇವನ್ನೆಲ್ಲ ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಬೇರೆ ಕಾರ್ಖಾನೆಗಳಿಂದ ತರಿಸುತ್ತವೆ. ಆ ಕಾರ್ಖಾನೆಗಳಲ್ಲಿ ಹಲವು ತಮ್ಮದೇ ಹೆಸರಿನಲ್ಲೂ ಅಂಗಡಿಗೆ ಮಾರುತ್ತವೆ. ಚೈನ್‌ನಲ್ಲಿ ರೋಲೊನ್, ಬೇರಿಂಗ್‌ನಲ್ಲಿ ಎಸ್‌ಕೆಎಫ್, ಪ್ಲಗ್‌ನಲ್ಲಿ ಎನ್‌ಜಿಕೆ, ಬಾಷ್ ಇಂಥವು. ಬೈಕ್ ಕಂಪನಿಯ ಡಬ್ಬಿಯಲ್ಲಿ ಬರುವುದಕ್ಕಿಂತ ಎಷ್ಟೋ ಸಲ ಕಮ್ಮಿ ಬೆಲೆಗೆ ಸಿಗುತ್ತವೆ. ಒರಿಜಿನಲ್ ಬೇಕು, ಇಲ್ಲವೇ ಹೆಸರಿಲ್ಲದ್ದು ಬೇಕು ಅಂತ ಎರಡೇ ದಾರಿ ಇಲ್ಲ, ನಡುವೆ ಇದೊಂದು ದಾರಿ ಇದೆ. ಇಂಥದ್ದನ್ನು ಆನ್‌ಲೈನ್‌ನಲ್ಲೂ ತರಿಸಬಹುದು, ಮಾರುವವರು ಆ ತಯಾರಕರ ಅಧಿಕೃತ ಮಾರಾಟಗಾರರೇ ಅಂತ ನೋಡಿಕೊಂಡರೆ ಸಾಕು. ಹೆಸರಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡಿ, ಒಳ್ಳೆ ಹೆಸರಿನ ಡಬ್ಬಿಯಲ್ಲಿ ನಕಲಿ ತುಂಬಿ ಮಾರುವವರೂ ಇದ್ದಾರೆ.

ಕುಶಾಲನಗರದ ಒಂದು ಅಂಗಡಿಯಲ್ಲಿ ಅಂಥ ಪ್ಯಾಡ್ ಸಿಕ್ಕಿತು. ಬಸ್ಸಿನಲ್ಲಿ ಅದೇ ಸಂಜೆ ತರಿಸಿದೆವು. ಡಿಸ್ಕ್ ಪ್ಲೇಟ್ ಬದಲಿಸಬೇಕಾಯಿತು, ಹಳೇ ಆಯಿಲ್ ಪೂರ್ತಿ ತೆಗೆದು ಡಾಟ್ 4 ಹಾಕಿದೆ, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ಸ್ವಚ್ಛ ಮಾಡಿದೆ. ಹೊಸ ಪ್ಯಾಡ್ ಪಳಗುವವರೆಗೆ ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ, ಬಿಟ್ಟು ಬಿಟ್ಟು ಬ್ರೇಕ್ ಹಿಡಿದು ಓಡಿಸಿದೆ. ಆಮೇಲೆ ಒಬ್ಬನೇ ಸಂಪಾಜೆಗೆ ಇಳಿದೆ, ಹಿಂದಿನ ಸೀಟಿಗೆ ಭಾರ ಕಟ್ಟಿಕೊಂಡು. ಒಂದು ಸಲ ಗೇರಿನಲ್ಲೇ. ಇನ್ನೊಂದು ಸಲ ಬೇಕೆಂದೇ ಬ್ರೇಕ್ ಜಾಸ್ತಿ ಬಳಸುತ್ತಾ, ನಡುನಡುವೆ ನಿಲ್ಲಿಸಿ ನೋಡುತ್ತಾ. ಎರಡನೇ ಸಲ ಡಿಸ್ಕ್ ಚೆನ್ನಾಗಿ ಕಾದಿತ್ತು, ಲಿವರ್ ಸ್ವಲ್ಪ ಜಾಸ್ತಿ ಒತ್ತಬೇಕಾಯಿತು, ಆದರೆ ಬೈಕ್ ಪ್ರತಿ ಸಲವೂ ನಿಂತಿತು. ಪ್ಯಾಡ್, ಆಯಿಲ್, ಡಿಸ್ಕ್ ಮೂರನ್ನೂ ಒಟ್ಟಿಗೇ ಬದಲಿಸಿದ್ದರಿಂದ ಇದು ಲ್ಯಾಬಿನ ಪರೀಕ್ಷೆ ಅಲ್ಲ. ರಸ್ತೆಯಲ್ಲಿ ಹಳೇ ಆಯಿಲ್ ಇಟ್ಟುಕೊಂಡು ಪರೀಕ್ಷೆ ಮಾಡುವುದು ಸರಿಯಲ್ಲ, ಹಾಗಾಗಿ ಮಾಡಲಿಲ್ಲ.

ಈ ಅನುಭವದಿಂದ ನನಗೆ ಸ್ಪಷ್ಟವಾದದ್ದು ಆನ್‌ಲೈನ್ ಸ್ಟಾರ್‌ಗಳ ಬಗ್ಗೆ. ಆ ಪ್ಯಾಡ್‌ಗೆ ನಾಲ್ಕಕ್ಕಿಂತ ಜಾಸ್ತಿ ಸ್ಟಾರ್ ಇತ್ತು. ಓದಿ ನೋಡಿದರೆ ಬರೆದದ್ದೆಲ್ಲ "ಬೇಗ ಬಂತು", "ಫಿಟ್ಟಿಂಗ್ ಸರಿಯಾಗಿದೆ", "ದುಡ್ಡಿಗೆ ತಕ್ಕದ್ದು". ಹಾಕಿದ ಮೊದಲ ವಾರದಲ್ಲಿ, ಬ್ರೇಕ್ ತಣ್ಣಗಿರುವಾಗ ಬರೆದವು. ಅವರು ಸುಳ್ಳು ಹೇಳಿಲ್ಲ. ನನ್ನ ಗ್ಯಾರೇಜಿನ ಎದುರು ನನಗೂ ಅದು ಸರಿಯಾಗಿಯೇ ಕಂಡಿತ್ತು. ಕಾದಾಗ ಏನಾಗುತ್ತದೆ ಅನ್ನುವುದು ಅಲ್ಲಿ ಯಾರ ಮಾತಿನಲ್ಲೂ ಇರಲಿಲ್ಲ.

ದೂರು ಕೊಟ್ಟದ್ದು

ರೈಟರ್ ಬಿಟ್ಟುಬಿಡೋಣ ಅಂದರು. ಅಷ್ಟು ಚಿಕ್ಕ ಮೊತ್ತಕ್ಕೆ ಯಾರು ಓಡಾಡುವುದು ಅಂತ. ಅವರ ಹೆಂಡತಿ ಬಿಡಲಿಲ್ಲ, ಮತ್ತು ಅವರು ಮಾಡಿದ್ದೇ ಸರಿ. ವಾಪಸ್ ಕೊಡುವ ಅವಧಿ ಮುಗಿದಿತ್ತು. ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ಒಂದೂ ಇರಲಿಲ್ಲ. ಪ್ಯಾಕ್ ಮಾಡಿದ ವಸ್ತುಗಳ ಮೇಲೆ ಇವೆಲ್ಲ ಇರಲೇಬೇಕು ಅಂತ 2011ರ ನಿಯಮ ಹೇಳುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟದ ಜಾಲತಾಣಕ್ಕೆ ಒಬ್ಬ ದೂರು ಅಧಿಕಾರಿ ಇರಬೇಕು, ದೂರು ಬಂದ 48 ಗಂಟೆಯಲ್ಲಿ ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅವರು ಅಲ್ಲಿ ದೂರು ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿದರು. ಬಿಚ್ಚಿದ ಪ್ಯಾಡಿನ ಫೋಟೋ, ಬಿಲ್, ನಾನು ಬರೆದುಕೊಟ್ಟ ಒಂದು ಪುಟ ಜೊತೆಗಿಟ್ಟರು. ಪ್ಯಾಡ್ ಮತ್ತು ಚೈನ್ ಸೆಟ್‌ನ ದುಡ್ಡು ವಾಪಸ್ ಬಂತು. ಡಿಸ್ಕ್ ಪ್ಲೇಟಿನ ದುಡ್ಡು ಕೊಡಲು ಒಪ್ಪಲಿಲ್ಲ.

ಅದಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ಮಾರಿದವರು ಯಾವ ಊರಿನಲ್ಲಿದ್ದರೂ ಕೊಂಡವರು ತಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ದೋಷದ ವಸ್ತುವಿನಿಂದ ಆದ ಹಾನಿಗೆ ಪರಿಹಾರ ಕೇಳುವ ಹಕ್ಕೂ ಆ ಕಾಯ್ದೆಯಲ್ಲಿದೆ. ಇದನ್ನು ಹೇಳಿದ್ದೇನೆ, ಅವರು ಅರ್ಜಿ ಬರೆಸುತ್ತಿದ್ದಾರೆ. ಹಳೇ ಪ್ಯಾಡ್ ಎರಡನ್ನೂ ಬಿಸಾಡದೆ ಕವರ್‌ನಲ್ಲಿ ಹಾಕಿ ತಾರೀಕು ಬರೆದು ಇಟ್ಟಿದ್ದೇನೆ.

ಈಗಾಗಲೇ ಇಂಥ ಪ್ಯಾಡ್ ಹಾಕಿಕೊಂಡು ಓಡಿಸುತ್ತಿರುವವರು ಇದ್ದರೆ ಘಾಟ್ ಇಳಿಯುವ ಮೊದಲು ಒಂದು ಕೆಲಸ ಮಾಡಿ. ಕ್ಯಾಲಿಪರ್ ಬಿಚ್ಚಿಸಿ, ಪ್ಯಾಡ್ ಕೈಗೆ ತೆಗೆದುಕೊಂಡು ಅಂಚಿನ ಸುತ್ತ ಬೆಳಕಿಗೆ ಹಿಡಿದು ನೋಡಿ. ತಗಡಿಗೂ ಪದಾರ್ಥಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ, ಮುಖ ಗಾಜಿನ ಹಾಗೆ ಹೊಳೆದರೂ, ಒಂದು ಕಡೆ ಮಾತ್ರ ಸವೆದಿದ್ದರೂ ಅದನ್ನು ಮತ್ತೆ ಹಾಕಬೇಡಿ. ಇಳಿಯುವಾಗ ಎರಡು, ಮೂರನೇ ಗೇರಿನಲ್ಲೇ ಇರಿ. ವಾಸನೆ ಬಂದರೆ ಎದುರಿನ ಲಾರಿಯದು ಅಂದುಕೊಳ್ಳದೆ ಪಕ್ಕಕ್ಕೆ ನಿಲ್ಲಿಸಿ, ಡಿಸ್ಕಿಗೆ ನೀರು ಸುರಿಯದೆ ತಾನಾಗಿ ತಣಿಯಲು ಬಿಡಿ.